ಸವೆದ ಹೈಬ್ರಿಡ್ ಕಾರಿಗೆ ಮರುಜೀವ: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಲ್ಲಿ ಓಡುವ ಮೋಟರೂ ಇರುವ ಹಳೆ ಹೈಬ್ರಿಡ್ ಕಾರು ಕೊಂಡವರು ಮೊದಲು ಕೇಳುವುದು ಒಂದೇ: "ಬ್ಯಾಟರಿ ಹಾಕಿಸೋಕೆ ಎಷ್ಟಾಗುತ್ತೆ?" ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಈ ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದು ಮೊದಲನೆಯದು. ಒಂದು ವರ್ಷವಾ, ಮೂರು ನಾಲ್ಕು ವರ್ಷವಾ, ಇಲ್ಲ ಪೂರ್ತಿ ಕೂತುಬಿಡುವ ತನಕವಾ? ಇದಕ್ಕೆ ಉತ್ತರ ಹೇಳಿಕೊಳ್ಳದೆ ಬ್ಯಾಟರಿ ಹುಡುಕಲು ಹೊರಟರೆ, ಅಗ್ಗ ಅಂತ ತಂದದ್ದೇ ಕೊನೆಗೆ ದುಬಾರಿ ಆಗುತ್ತದೆ. ನನಗೆ ಹಾಗೇ ಆಯಿತು. ಆ ಕತೆ ಮುಂದೆ ಬರುತ್ತದೆ.

ಇಲ್ಲಿ ಜಾಸ್ತಿ ಹೇಳಿರುವುದು ಟೊಯೋಟಾ ಪ್ರಿಯಸ್ ಬಗ್ಗೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ಕಾರನ್ನು ಬಿಚ್ಚಿ ಜೋಡಿಸಿದವರು ಲೆಕ್ಕವಿಲ್ಲದಷ್ಟು ಜನ. ಹಾಗಾಗಿ ಎಲ್ಲಿ ಏನು ಕೆಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತಾಗಿದೆ. ಎರಡನೇ ತಲೆಮಾರು 2003ರಲ್ಲಿ ಬಂತು, ಮೂರನೆಯದು 2009ರಲ್ಲಿ. ನನ್ನದು ಎರಡನೇ ತಲೆಮಾರಿನದು, ಕೈಗೆ ಬಂದಾಗಲೇ 3 ಲಕ್ಷ ಕಿಲೋಮೀಟರ್ ದಾಟಿತ್ತು. ಬೇರೆ ಕಂಪನಿಯ ಹೈಬ್ರಿಡ್ ಇದ್ದರೆ ಅಂಕಿ ಬದಲಾಗುತ್ತದೆ, ಯೋಚನೆ ಮಾಡುವ ರೀತಿ ಬಹುಪಾಲು ಅದೇ.

ದುಡ್ಡು ಹಾಕಲು ಯೋಗ್ಯವಾದ ಕಾರು ಯಾವುದು

ಮೀಟರಿನಲ್ಲಿ ಕಿಲೋಮೀಟರ್ ಜಾಸ್ತಿ ಅಂತ ಹೆದರಬೇಡಿ. ಹೈಬ್ರಿಡ್‌ನಲ್ಲಿ ಸಿಗ್ನಲ್‌ನಲ್ಲಿ ನಿಂತಾಗ, ಇಳಿಜಾರಿನಲ್ಲಿ, ನಿಧಾನವಾಗಿ ತೆವಳುವಾಗ ಎಂಜಿನ್ ಮಲಗಿರುತ್ತದೆ. ಹಾಗಾಗಿ ಗಾಡಿ ಓಡಿದಷ್ಟು ಎಂಜಿನ್ ಓಡಿರುವುದಿಲ್ಲ. ಟೊಯೋಟಾದ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ಚೂ ಇಲ್ಲ, ಬೆಲ್ಟೂ ಇಲ್ಲ. ಒಂದರ ಸುತ್ತ ಇನ್ನೊಂದು ತಿರುಗುವ ಹಲ್ಲುಚಕ್ರಗಳ ಗ್ರಹಗೇರ್ ಜೋಡಣೆ, ಎರಡು ಮೋಟರ್, ಅಷ್ಟೇ. ಸವೆಯುವ ಭಾಗವೇ ಕಮ್ಮಿ.

ನಾನು ಹೆದರುವುದು ನೀರಿಗೆ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಹಿಂದಿನ ದೀಪದ ಸೀಲ್, ಮಾಡಿನ ಜೋಡಣೆ ಬಿಟ್ಟುಕೊಂಡು ಮಳೆನೀರು ಡಿಕ್ಕಿಗೆ ಇಳಿಯುತ್ತದೆ. ಡಿಕ್ಕಿಯ ಒಂದು ಮೂಲೆಯಲ್ಲಿ 12 ವೋಲ್ಟಿನ ಸಣ್ಣ ಬ್ಯಾಟರಿ, ಪಕ್ಕದಲ್ಲೇ ದೊಡ್ಡ ಹೈಬ್ರಿಡ್ ಬ್ಯಾಟರಿ. ಕಾರು ನೋಡಲು ಹೋದಾಗ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ಕೈಯಾಡಿಸಿ. ತೇವ, ತುಕ್ಕು, ಮುಗ್ಗಲು ವಾಸನೆ, ಮೂರರಲ್ಲಿ ಒಂದು ಸಿಕ್ಕರೂ ಬ್ಯಾಟರಿಯ ಕಂಪ್ಯೂಟರು, ತಾಮ್ರದ ಪಟ್ಟಿಗಳು ಹಸಿರುಗಟ್ಟಿರುವ ಸಾಧ್ಯತೆ ಇದೆ. ನೆರೆಯಲ್ಲಿ ಮುಳುಗಿದ ಕಾರಾದರೆ ಮಾತೇ ಬೇಡ, ತಿರುಗಿ ಬನ್ನಿ.

ಎರಡನೆಯದು ಬ್ರೇಕ್ ಪಂಪಿನ ಸದ್ದು. ಕಾರು ಆನ್ ಮಾಡಿ, ಓಡಲು "ರೆಡಿ" ಅನ್ನುವ ದೀಪ ಬಂದ ಮೇಲೆ ಎಸಿ, ಹಾಡು ಎಲ್ಲ ಆಫ್ ಮಾಡಿ, ಸುಮ್ನೆ ಕೂತು ಕೇಳಿ. ಬ್ರೇಕ್ ಒತ್ತದೆ ಇದ್ದರೂ ಕೆಲವೇ ಸೆಕೆಂಡಿಗೊಮ್ಮೆ "ಜುಂಯ್" ಅಂತ ಪಂಪು ತಿರುಗುತ್ತಿದ್ದರೆ ಒತ್ತಡ ಒಳಗೇ ಸೋರುತ್ತಿದೆ ಅಂತ ಅರ್ಥ. ಚಕ್ರಗಳ ಬ್ರೇಕಿಗೆ ಒತ್ತಡ ಹಂಚುವ ಬ್ರೇಕ್ ಆಕ್ಚುಯೇಟರ್ ದೊಡ್ಡ ಖರ್ಚು. ಅದನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ.

ಇನ್ನೊಂದು. ಕಾರು ಸ್ಟಾರ್ಟ್ ಆಗುತ್ತಿಲ್ಲ, ಹತ್ತಾರು ಎಚ್ಚರಿಕೆ ದೀಪ ಒಟ್ಟಿಗೆ ಉರಿಯುತ್ತಿವೆ ಅಂದರೆ ದೊಡ್ಡ ಬ್ಯಾಟರಿ ಸತ್ತಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಕೆಟ್ಟಿರುವುದು ಆ ಸಣ್ಣ 12 ವೋಲ್ಟಿನದೇ. ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಅದು. ಅದು ಸೋತರೆ ದೊಡ್ಡದರ ಸ್ವಿಚ್ಚೇ ಕೂರುವುದಿಲ್ಲ. ಕಾರು ರೆಡಿ ಆದಾಗ ಅದರ ತುದಿಗಳಲ್ಲಿ 14 ವೋಲ್ಟಿನ ಆಸುಪಾಸು ಬರಬೇಕು. ರಾತ್ರಿ ನಿಂತಮೇಲೆ ಬೆಳಿಗ್ಗೆ 12ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ಕಾರಿನೊಳಗೆ ಇರುವ ಬ್ಯಾಟರಿ ಆದ್ದರಿಂದ ಅನಿಲ ಹೊರಬಿಡುವ ಕೊಳವೆ ಇರುವ, ಆ್ಯಸಿಡ್ ಚೆಲ್ಲದ ಎಜಿಎಂ ಮಾದರಿಯೇ ಬೇಕು, ಕೈಗೆ ಸಿಕ್ಕಿದ್ದು ಕೂರಿಸಬಾರದು. ಜಂಪ್ ಕೊಡುವಾಗ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರ್ ಕಡೆಗೇ ಏಟು ಬೀಳಬಹುದು. ಬೇರೆಯವರ ಕಾರಿಗೆ ಇದರಿಂದ ಜಂಪ್ ಕೊಡುವ ಉಪಕಾರವೂ ಬೇಡ.

ಬ್ಯಾಟರಿ: ಒಂದೊಂದು ದಾರಿಯಾಗಿ

ಇದೇ ದೊಡ್ಡ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡನೇ ಮತ್ತು ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಇರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. 28 ಮಾಡ್ಯೂಲ್‌ಗಳನ್ನು ಪುಸ್ತಕ ಜೋಡಿಸಿದ ಹಾಗೆ ಒತ್ತಿ ನಿಲ್ಲಿಸಿರುತ್ತಾರೆ. ಒಂದೊಂದು ಮಾಡ್ಯೂಲ್‌ನಲ್ಲಿ 1.2 ವೋಲ್ಟಿನ 6 ಸೆಲ್. ಅಂದರೆ ಮಾಡ್ಯೂಲ್‌ಗೆ 7.2 ವೋಲ್ಟ್, ಒಟ್ಟು 201.6 ವೋಲ್ಟ್. ಕಂಪ್ಯೂಟರು ಎರಡೆರಡು ಮಾಡ್ಯೂಲ್ ಸೇರಿಸಿ 14 ಬ್ಲಾಕ್‌ಗಳಾಗಿ ಇವುಗಳ ವೋಲ್ಟೇಜ್ ಗಮನಿಸುತ್ತದೆ. ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿಗೆ ಕಳಿಸುವ ಒಬಿಡಿ ಅಡಾಪ್ಟರ್ ಒಂದನ್ನು ಸಿಕ್ಕಿಸಿ ಡಾಕ್ಟರ್ ಪ್ರಿಯಸ್, ಹೈಬ್ರಿಡ್ ಅಸಿಸ್ಟೆಂಟ್ ಥರದ ಆ್ಯಪ್ ತೆರೆದರೆ ಈ 14 ಅಂಕಿಗಳನ್ನು ನೀವೂ ನೋಡಬಹುದು. ಕಾರು ನಿಂತಾಗ ನೋಡಿದರೆ ಎಲ್ಲವೂ ಒಳ್ಳೆ ಮಕ್ಕಳ ಹಾಗೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಏರಿನಲ್ಲಿ ಜೋರಾಗಿ ಆಕ್ಸಲರೇಟರ್ ಒತ್ತಿದಾಗ ನೋಡಬೇಕು. ಆಗ ಒಂದು ಬ್ಲಾಕ್ ಉಳಿದವುಗಳಿಗಿಂತ ಒಂದು ವೋಲ್ಟಿನಷ್ಟು ಕುಸಿದರೆ ಆ ಬ್ಲಾಕ್‌ನಲ್ಲಿ ಒಂದು ಸೆಲ್ ಮುಗಿದಿದೆ ಅಂತಲೇ ಲೆಕ್ಕ. ಒಂದು ಸೆಲ್ಲಿನ ವೋಲ್ಟೇಜೇ 1.2 ತಾನೇ?

ಪಿ0ಎ80 ಅನ್ನುವ ಕೋಡ್ ಬಂದರೆ ಕಾರೇ ಬ್ಯಾಟರಿ ಬದಲಿಸಿ ಅನ್ನುತ್ತಿದೆ. ಆದರೂ ಹೆದರಿ ಓಡುವ ಮೊದಲು ಖರ್ಚಿಲ್ಲದ ಒಂದು ಕೆಲಸ ಇದೆ.

ಖರ್ಚಿಲ್ಲದ ದಾರಿ: ಸ್ವಚ್ಛತೆ. ಈ ಬ್ಯಾಟರಿ ಉಸಿರಾಡುವುದು ಕಾರಿನೊಳಗಿನ ಗಾಳಿಯನ್ನೇ. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಜಾಲರಿ ಇರುತ್ತದೆ. ಅಲ್ಲಿಂದ ಒಂದು ಫ್ಯಾನು ಗಾಳಿ ಎಳೆದು ಮಾಡ್ಯೂಲ್‌ಗಳ ಸಂದಿಯಲ್ಲಿ ನುಗ್ಗಿಸುತ್ತದೆ. ನನ್ನ ಕಾರಿನ ಫ್ಯಾನು ಬಿಚ್ಚಿದಾಗ ಅದರ ಎಲೆಗಳ ನಡುವೆ ಬೂದು ಬಣ್ಣದ ಹತ್ತಿಯ ಹಾಗೆ ಏನೋ ತುಂಬಿತ್ತು. ಬೆರಳಲ್ಲಿ ಎಳೆದರೆ ಇಡೀ ಉಂಡೆಯಾಗಿ ಬಂತು: ಬಟ್ಟೆಯ ನೂಲು, ಕೂದಲು, ನಾಯಿಯ ರೋಮ. ಹಿಂದಿನ ಮಾಲೀಕರ ಮನೆಯಲ್ಲಿ ಕಂದು ನಾಯಿ ಇತ್ತು ಅನ್ನುವುದು ನನಗೆ ಹಾಗೆ ಗೊತ್ತಾಯಿತು. ಬ್ಯಾಟರಿ ಬಿಸಿಯಾಗಿ ಸಾಯುತ್ತಿದ್ದದ್ದು ಉಸಿರುಗಟ್ಟಿ. ಫ್ಯಾನು ತೊಳೆಯುವುದು, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಕಿಲುಬು ತೆಗೆಯುವುದು, ಈ ಎರಡನ್ನು ಯಾವ ದಾರಿ ಹಿಡಿದರೂ ಮಾಡಲೇಬೇಕು. ಕೆಲವು ಸಲ ಇಷ್ಟರಲ್ಲೇ ಇನ್ನೊಂದು ವರ್ಷ ಸಿಗುತ್ತದೆ. ಸತ್ತ ಸೆಲ್ ಮಾತ್ರ ಇದರಿಂದ ಎದ್ದು ಕೂರುವುದಿಲ್ಲ.

ಅಗ್ಗದ ದಾರಿ: ಕೆಟ್ಟ ಮಾಡ್ಯೂಲ್ ಮಾತ್ರ ಬದಲಿಸುವುದು. ನಾನು ಎಡವಿದ್ದು ಇಲ್ಲಿ. ಒಂದು ಹಳೆ ಮಾಡ್ಯೂಲ್ ತಂದು ಕೂರಿಸಿದೆ, ದೀಪ ಆರಿತು, ಖುಷಿಯೋ ಖುಷಿ. ನಾಲ್ಕು ತಿಂಗಳಿಗೆ ಇನ್ನೊಂದು ಹೋಯಿತು. ಅದನ್ನು ಬದಲಿಸಿ ಆರು ವಾರಕ್ಕೆ ಮೂರನೆಯದು. ಹಲ್ಲು ಸಡಿಲವಾದ ಬಾಯಲ್ಲಿ ಒಂದನ್ನು ಕಿತ್ತರೆ ಪಕ್ಕದ್ದು ಅಲ್ಲಾಡುತ್ತದಲ್ಲ, ಹಾಗೆ. ಕಾರಣ ಸರಳ. 28 ಮಾಡ್ಯೂಲ್‌ಗಳೂ ಒಂದೇ ಸರಪಳಿಯಲ್ಲಿವೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಒಂದೇ ವಯಸ್ಸಿನ, ಒಂದೇ ಬಿಸಿಲು ಕಂಡ ಉಳಿದ 27 ಕೂಡ ಬಾಗಿಲ ಬಳಿ ನಿಂತಿರುತ್ತವೆ. ಹೊಸದಾಗಿ ಬಂದದ್ದು ಶಕ್ತಿವಂತನಾದರೆ ಉಳಿದವು ಅದಕ್ಕಿಂತ ಮೊದಲೇ ತುಂಬುತ್ತವೆ, ಮೊದಲೇ ಖಾಲಿಯಾಗುತ್ತವೆ. ಬಲಹೀನರ ಮೇಲೇ ಏಟು ಬೀಳುತ್ತಾ ಹೋಗುತ್ತದೆ. ಪ್ರತಿ ಸಲ ಹಿಂದಿನ ಸೀಟು, ಟ್ರಿಮ್ಮು ಬಿಚ್ಚಿ, ಸುಮಾರು 40 ಕಿಲೋ ಭಾರದ ಪೆಟ್ಟಿಗೆ ಇಳಿಸಿ, ಮತ್ತೆ ಏರಿಸುವ ಕೆಲಸ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹಾಗಾದರೆ ಯಾರಿಗೆ ಇದು ಸರಿ? ಕೆಲವೇ ತಿಂಗಳಲ್ಲಿ ಕಾರು ಬಿಡುವವರಿಗೆ, ಕೆಲಸ ತಾವೇ ಮಾಡಿಕೊಳ್ಳುವವರಿಗೆ. ಹಾಗೆ ಬಿಡುವಾಗ ಕೊಳ್ಳುವವರಿಗೆ ಮಾಡ್ಯೂಲ್ ಬದಲಿಸಿದ್ದನ್ನು ಹೇಳಿಬಿಡಿ. ದೀಪ ಆರಿಸಿ ಮಾರುವುದು ಮೋಸ.

ನಡುವಿನ ದಾರಿ: ರಿಪೇರಿ ಮಾಡಿದ ಪೂರ್ತಿ ಪ್ಯಾಕ್. ಹಳೆ ಮಾಡ್ಯೂಲ್‌ಗಳನ್ನೇ ಚಾರ್ಜ್ ಮಾಡಿ, ಖಾಲಿ ಮಾಡಿ, ಅಳೆದು, ಹೊಂದುವಂಥವನ್ನು ಒಟ್ಟುಗೂಡಿಸಿ ಮಾರುತ್ತಾರೆ. ಇದರಲ್ಲಿ ಚಿನ್ನವೂ ಇದೆ, ಕಾಗೆಬಂಗಾರವೂ ಇದೆ. ಮಾರುವವರಿಗೆ ಒಂದೇ ಪ್ರಶ್ನೆ ಹಾಕಿ: "28 ಮಾಡ್ಯೂಲ್‌ಗಳ ಸಾಮರ್ಥ್ಯದ ಪಟ್ಟಿ ಕೊಡ್ತೀರಾ?" ಹೊಸ ಮಾಡ್ಯೂಲ್‌ನದು 6,500 ಮಿಲಿಆಂಪ್-ಅವರ್. ಹಳೆಯದರಲ್ಲಿ ಅಷ್ಟು ಸಿಗದು, ಆದರೆ ಅರ್ಧಕ್ಕೂ ಕೆಳಗಿರುವುದು ಒಂದೇ ಒಂದು ಇದ್ದರೂ ನಾನು ಆ ಪ್ಯಾಕ್ ಮುಟ್ಟುವುದಿಲ್ಲ. ಪಟ್ಟಿಯೇ ಇಲ್ಲ ಅಂದರೆ ಅಳೆದಿಲ್ಲ ಅಂತ ಅರ್ಥ. ವಾರಂಟಿ ಉದ್ದ ಇದ್ದ ಮಾತ್ರಕ್ಕೆ ಮರುಳಾಗಬೇಡಿ. ಬಹಳ ಕಡೆ ಆ ವಾರಂಟಿ ಅಂದರೆ ಕೆಟ್ಟಾಗಲೆಲ್ಲ ಬಂದು ಒಂದು ಮಾಡ್ಯೂಲ್ ಬದಲಿಸುವುದು, ಅಷ್ಟೇ. ನಾನು ಮನೆಯಲ್ಲಿ ಪಟ್ಟ ಪಾಡನ್ನೇ ನಿಮ್ಮ ಪರವಾಗಿ ಅವರು ಪಡುತ್ತಾರೆ. ಕಾರು ಅಷ್ಟು ದಿನ ನಿಂತಿರುವುದು ಮಾತ್ರ ನಿಮ್ಮ ಪಾಲಿಗೆ.

ಅಪಘಾತದ ಕಾರಿನಿಂದ ತೆಗೆದ ಪ್ಯಾಕ್ ಇದರ ಅಣ್ಣ ಅನ್ನಬಹುದು. ಮುಂದುಗಡೆ ಗುದ್ದಿಸಿಕೊಂಡ, ವಯಸ್ಸು ಕಮ್ಮಿ ಇರುವ ಕಾರಿನದು ಸಿಕ್ಕರೆ ನನ್ನ ಪ್ರಕಾರ ರಿಪೇರಿ ಪ್ಯಾಕ್‌ಗಿಂತ ಎಷ್ಟೋ ವಾಸಿ. ಇಡೀ ಕುಟುಂಬ ಒಟ್ಟಿಗೆ ಬೆಳೆದದ್ದಲ್ವಾ. ಮೂರನೇ ತಲೆಮಾರಿನ ಮಾಡ್ಯೂಲ್‌ಗಳು ಎರಡನೇ ತಲೆಮಾರಿನ ಪೆಟ್ಟಿಗೆಯಲ್ಲಿ ಕೂರುತ್ತವೆ. ಹಾಗಾಗಿ ಹಳೆ ಕಾರಿನವರಿಗೆ ಇದು ಒಳ್ಳೆ ಅವಕಾಶ. ಕಿಲೋಮೀಟರ್‌ಗಿಂತ ವಯಸ್ಸು ಕೇಳಿ, ಎಷ್ಟು ತಿಂಗಳಿಂದ ಗುಜರಿಯಲ್ಲಿ ಬಿದ್ದಿದೆ ಅನ್ನುವುದನ್ನೂ ಕೇಳಿ. ಸುಮ್ನೆ ಬಿದ್ದಿದ್ದರೂ ಈ ಬ್ಯಾಟರಿ ತಾನಾಗಿಯೇ ಖಾಲಿಯಾಗುತ್ತಾ ಸೊರಗುತ್ತದೆ.

ದುಬಾರಿ ದಾರಿ: ಹೊಸ ಪ್ಯಾಕ್. ಕಾರು ಕಂಪನಿಯದೇ ಹೊಸದು ಹಾಕಿದರೆ ಆ ತಲೆನೋವು ಮತ್ತೆ ಬಹಳ ವರ್ಷ ಇಲ್ಲ. ತಯಾರಾದ ದಿನಾಂಕ ನೋಡಿ ತೆಗೆದುಕೊಳ್ಳಿ. ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿದ್ದು "ಹೊಸದು" ಅಂತ ಬರಬಾರದು. ಹೊರಗಿನವರು ಮಾಡುವ ಹೊಸ ನಿಕಲ್ ಪ್ಯಾಕ್‌ಗಳೂ ಇವೆ. ಕೆಲವು ದುಂಡನೆಯ ಸೆಲ್‌ಗಳಿಂದ ಕಟ್ಟಿದವು. ಅಲ್ಲಿ ಎಲ್ಲ ನಿಂತಿರುವುದು ಸೆಲ್ಲಿನ ಗುಣಮಟ್ಟದ ಮೇಲೆ. ಅದೇ ಪ್ಯಾಕ್‌ನಲ್ಲಿ ಎರಡು ಬೇಸಿಗೆ ಕಳೆದವರನ್ನು ಹುಡುಕಿ ಕೇಳುವುದು ಬಿಟ್ಟರೆ ಬೇರೆ ಪರೀಕ್ಷೆ ಇಲ್ಲ.

ಲೀಥಿಯಂ ಐರನ್ ಫಾಸ್ಫೇಟ್ ಕಿಟ್‌ಗಳು ಈಗ ಎಲ್ಲರ ಕಣ್ಣಿಗೆ ಬಿದ್ದಿವೆ. ಹಗುರ, ಭಾರ ಬಿದ್ದಾಗ ವೋಲ್ಟೇಜ್ ಕಮ್ಮಿ ಕುಸಿಯುತ್ತದೆ, ಕಾರು ಚುರುಕಾದ ಹಾಗೆ ಅನ್ನಿಸುತ್ತದೆ. ಆದರೆ ಕಾರಿನ ಕಂಪ್ಯೂಟರ್ ಕಲಿತಿರುವುದು ನಿಕಲ್ ಬ್ಯಾಟರಿಯ ನಡವಳಿಕೆಯನ್ನು. ಅದಕ್ಕೆ ಬೇರೆ ರಸಾಯನವನ್ನು ಒಪ್ಪಿಸಬೇಕು, ಹಾಗಾಗಿ ಪರದೆಯ ಮೇಲಿನ ಚಾರ್ಜ್ ಪಟ್ಟಿ ನಂಬುವ ಹಾಗೆ ಇರುವುದಿಲ್ಲ. ಸೆಲ್‌ಗಳನ್ನು ಒಂದೊಂದಾಗಿ ಕಾಯುವ ಸರ್ಕ್ಯೂಟ್ ಇಲ್ಲದ ಕಿಟ್ ಯಾವ ಬೆಲೆಗೆ ಬಂದರೂ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದು. ಹಿಮ ಬೀಳುವ ಜಾಗದವರು ಕಿಟ್‌ನವರು ಅದಕ್ಕೇನು ಮಾಡಿದ್ದಾರೆ ಅಂತ ಕೇಳಿಯೇ ಮುಂದುವರಿಯಿರಿ.

ಕೊನೆಗೆ ನಾನು ಹಾಕಿಸಿದ್ದು ಕಂಪನಿಯ ಹೊಸ ಪ್ಯಾಕ್. ಮೊದಲೇ ಹಾಕಿಸಿದ್ದರೆ ಮೂರು ಮಾಡ್ಯೂಲ್‌ನ ದುಡ್ಡು, ಮೂರು ಭಾನುವಾರ ಉಳಿಯುತ್ತಿತ್ತು. ಪೂರ್ತಿ ಸವೆಸುವವರು ನೇರ ಹೊಸದಕ್ಕೆ ಹೋಗಿ. ಮೂರು ನಾಲ್ಕು ವರ್ಷ ಇಟ್ಟುಕೊಳ್ಳುವವರಿಗೆ ಅಪಘಾತದ ಕಾರಿನ ಎಳೆಯ ಪ್ಯಾಕ್. ಒಂದು ವರ್ಷದವರು ಫ್ಯಾನು ತೊಳೆದು, ಮಾಡ್ಯೂಲ್ ಬದಲಿಸಿ, ದೇವರ ಮೇಲೆ ಭಾರ ಹಾಕಿ. ರಿಪೇರಿ ಪ್ಯಾಕನ್ನು ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಪಟ್ಟಿ ಕೈಗೆ ಕೊಡುವ ಪ್ರಾಮಾಣಿಕರು ಸಿಕ್ಕರೆ ಮಾತ್ರ.

ಹಳೆ ಹೋಂಡಾ ಹೈಬ್ರಿಡ್ ಇರುವವರಿಗೆ ಒಂದು ಮಾತು. 1999ರ ಮೊದಲ ಇನ್‌ಸೈಟ್‌ನಲ್ಲಿ ಟಾರ್ಚ್ ಸೆಲ್ ಗಾತ್ರದ 120 ಸೆಲ್‌ಗಳ 144 ವೋಲ್ಟಿನ ಪ್ಯಾಕ್ ಇದೆ. ಜೊತೆಗೆ ಮಾಮೂಲಿ 12 ವೋಲ್ಟಿನ ಸ್ಟಾರ್ಟರೂ ಇದೆ. ಪ್ರಿಯಸ್‌ಗೆ ಆ ಭಾಗ್ಯ ಇಲ್ಲ. ಅದರ ಎಂಜಿನ್ನನ್ನು ತಿರುಗಿಸುವುದೇ ಹೈಬ್ರಿಡ್ ಮೋಟರು. ಪ್ಯಾಕ್ ಪೂರ್ತಿ ಕೈಕೊಟ್ಟರೆ ಕಾರು ಅಲ್ಲೇ ನಿಲ್ಲುತ್ತದೆ.

ತಾವೇ ಬಿಚ್ಚುವವರಿಗೆ

ಇನ್ನೂರು ವೋಲ್ಟಿನ ಡಿಸಿ ಕರೆಂಟು ಆಟದ ಸಾಮಾನಲ್ಲ. ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಿತ್ತು, ಜೇಬಿಗೆ ಹಾಕಿಕೊಂಡು, ಹತ್ತು ನಿಮಿಷ ಕಾಯಬೇಕು. ಇನ್ವರ್ಟರ್‌ನ ಕೆಪಾಸಿಟರ್‌ಗಳು ಖಾಲಿಯಾಗಲು ಅಷ್ಟು ಹೊತ್ತು ಬೇಕು. ಪ್ಲಗ್ ಜೇಬಿನಲ್ಲೇ ಇರಲಿ ಅನ್ನುವುದು ಯಾಕೆ ಅಂದರೆ ನೀವು ಒಳಗೆ ಕೈ ಹಾಕಿದಾಗ ಬೇರೆಯವರು ಸಿಕ್ಕಿಸಬಾರದು. 1,000 ವೋಲ್ಟಿಗೆ ತಕ್ಕ ರಬ್ಬರ್ ಗ್ಲೌಸ್ ಹಾಕಿ, ಊದಿ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಬಿಸಾಡಿ. ಉಂಗುರ, ವಾಚು ತೆಗೆದಿಡಿ.

ಪ್ಲಗ್ ಕಿತ್ತ ಮೇಲೂ ಪ್ಯಾಕ್‌ನೊಳಗೆ ವೋಲ್ಟೇಜ್ ಹಾಗೇ ಇರುತ್ತದೆ. ಪ್ಲಗ್ ಮಾಡುವುದು ಸರಪಳಿಯನ್ನು ನಡುವೆ ಕಡಿಯುವ ಕೆಲಸ ಮಾತ್ರ. ಎರಡೂ ತುಂಡುಗಳಿಗೆ ಜೀವ ಇರುತ್ತದೆ.

ಮಾಡ್ಯೂಲ್‌ಗಳನ್ನು ಮರಳಿ ಜೋಡಿಸುವಾಗ ಒಂದು ನೇರ, ಒಂದು ತಿರುವುಮುರುವು, ಹೀಗೆ ಬರಬೇಕು. ಪಕ್ಕಪಕ್ಕದಲ್ಲಿ ಪ್ಲಸ್, ಮೈನಸ್ ಬಂದರೇ ತಾಮ್ರದ ಪಟ್ಟಿ ಸರಿಯಾಗಿ ಕೂರುವುದು. ನಾನು ಬಿಚ್ಚುವ ಮೊದಲೇ ಮಾರ್ಕರ್‌ನಲ್ಲಿ 1ರಿಂದ 28ರ ತನಕ ಬರೆದೆ, ಫೋಟೋ ತೆಗೆದೆ. ಆದರೂ ಒಂದು ಕಡೆ ತಪ್ಪಿತ್ತು. ಮುಚ್ಚಳ ಹಾಕುವ ಮೊದಲು ಮೀಟರ್ ಹಿಡಿದದ್ದರಿಂದ ಗೊತ್ತಾಯಿತು. ತುದಿಯ ತಟ್ಟೆಗಳು ಎಲ್ಲವನ್ನೂ ಬಿಗಿಯಾಗಿ ಒತ್ತಿ ಹಿಡಿದಿರಬೇಕು. ಸಡಿಲ ಬಿಟ್ಟರೆ ಮಾಡ್ಯೂಲ್ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಪಟ್ಟಿಯ ನಟ್ಟುಗಳಿಗೆ ಬೇಕಿರುವುದು 5.4 ನ್ಯೂಟನ್-ಮೀಟರ್ ಮಾತ್ರ. ಅದು ಮಣಿಕಟ್ಟಿನ ಬಿಗಿ, ತೋಳಿನ ಬಿಗಿ ಅಲ್ಲ. ಜಾಸ್ತಿ ತಿರುಗಿಸಿದರೆ ಪ್ಲಾಸ್ಟಿಕ್‌ನಲ್ಲಿ ಕೂತ ಬೋಲ್ಟು ಕಟ್ ಅಂತ ಮುರಿಯುತ್ತದೆ, ಇಡೀ ಮಾಡ್ಯೂಲ್ ದಂಡ. ಅಳೆದು ಬಿಗಿಯುವ ಸಣ್ಣ ಟಾರ್ಕ್ ರೆಂಚ್ ಇಲ್ಲದವರು ಈ ಕೆಲಸಕ್ಕೆ ಇಳಿಯುವುದು ಬೇಡ.

ಎಂಜಿನ್: ರಿಪೇರಿಯೋ, ಬೇರೆ ಎಂಜಿನ್ನೋ

ಎರಡನೇ ತಲೆಮಾರಿನ 1.5 ಲೀಟರ್ ಎಂಜಿನ್ ಗಟ್ಟಿ ಪಿಂಡ. ಆಯಿಲ್ ಕುಡಿಯುತ್ತದೆ, ನೋಡಿ ಹಾಕುತ್ತಾ ಇದ್ದರೆ ಓಡುತ್ತದೆ. ಆಯಿಲ್ ಸ್ವಲ್ಪ ಕುಡಿಯುತ್ತದೆ ಅಂತ ಎಂಜಿನ್ ಬಿಚ್ಚಿಸುವುದು ದುಡ್ಡು ದಂಡ.

ಮೂರನೆಯದರ 1.8 ಲೀಟರ್ ಎಂಜಿನ್‌ಗೆ ಬೇರೆ ಕಾಯಿಲೆ ಇದೆ. ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಮತ್ತೆ ಎಂಜಿನ್ನಿಗೆ ಕೊಡುವ ಇಜಿಆರ್ ಕೂಲರ್‌ನಲ್ಲಿ ಮಸಿ ಕಟ್ಟುತ್ತದೆ. ಎಂಜಿನ್ನಿನ ತಲೆಭಾಗದ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುವುದಕ್ಕೂ ಇದಕ್ಕೂ ನಂಟಿದೆ ಅಂತಲೇ ಈ ಕಾರು ಬಿಚ್ಚುವವರು ಹೇಳುತ್ತಾರೆ. ಗುರುತು ಹೀಗೆ: ಬೆಳಿಗ್ಗೆ ಮೊದಲ ಸಲ ಎಂಜಿನ್ ಎದ್ದಾಗ ಕೆಲವು ಸೆಕೆಂಡು ಇಡೀ ಕಾರು ಗಡಗಡ ನಡುಗಿ ಆಮೇಲೆ ಸುಮ್ಮನಾಗುತ್ತದೆ. ರಾತ್ರಿಯೆಲ್ಲ ಸಿಲಿಂಡರಿಗೆ ಜಿನುಗಿದ ಕೂಲೆಂಟ್‌ನ ಆಟ ಅದು. ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿರುತ್ತದೆ, ನೆಲದ ಮೇಲೆ ಹನಿ ಮಾತ್ರ ಕಾಣುವುದಿಲ್ಲ. ಈ ಕಾರಣಕ್ಕೇ ಹಳೆ ಕಾರು ನೋಡಲು ಹೋಗುವಾಗ "ಎಂಜಿನ್ ಬಿಸಿ ಮಾಡಬೇಡಿ, ನಾನು ಬಂದ ಮೇಲೇ ಶುರು ಮಾಡೋಣ" ಅಂತ ಮೊದಲೇ ಹೇಳಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಅನುಮಾನ ಪಡಿ.

ಗ್ಯಾಸ್ಕೆಟ್ ಇನ್ನೂ ಚೆನ್ನಾಗಿದ್ದರೆ ಕೂಲರ್, ಅದರ ಪೈಪು, ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ತೊಳೆಸುವುದೇ ಅತ್ಯಂತ ಲಾಭದ ಕೆಲಸ. ಹೋಗಿದ್ದರೆ ಎರಡು ದಾರಿ. ಹೆಡ್ ಬಿಚ್ಚಿ, ಸಮತಟ್ಟು ಇದೆಯಾ ಅಂತ ಅಳೆಸಿ, ಗ್ಯಾಸ್ಕೆಟ್ ಹಾಕಿಸುವುದು. ಇಲ್ಲ, ಬೇರೆ ಕಾರಿನ ಎಂಜಿನ್ ಇಳಿಸುವುದು. ಬೇರೆ ಎಂಜಿನ್ ಬೇಗ ಮುಗಿಯುವ ಕೆಲಸ. ಆದರೆ ಅದೂ ಅದೇ ವಯಸ್ಸಿನದು, ಅದೇ ಮಸಿ ತುಂಬಿಕೊಂಡದ್ದು. ಕೂಲರ್ ತೊಳೆಯದೆ ಕೂರಿಸಿದರೆ ಹಳೆ ರೋಗಿಗೆ ಹೊಸ ಹಾಸಿಗೆ ಹಾಸಿದ ಹಾಗೆ. ಎಂಜಿನ್ ಜಾಸ್ತಿ ಬಿಸಿಯಾಗಿ ಹೆಡ್ ಸೊಟ್ಟಗಾಗಿದ್ದರೆ, ಇಲ್ಲವೇ ಕೂಲೆಂಟ್ ತುಂಬಿದ ಸಿಲಿಂಡರಿನಲ್ಲಿ ಕನೆಕ್ಟಿಂಗ್ ರಾಡ್ ಬಾಗಿದ್ದರೆ ಮಾತ್ರ ನಾನು ಎಂಜಿನ್ ಬದಲಿಸುತ್ತೇನೆ. ಸೋರಿಕೆ ನಿಲ್ಲಿಸುವ ದ್ರಾವಣ ಸುರಿಯುವುದು ಆಯ್ಕೆಯೇ ಅಲ್ಲ. ಅದು ಗ್ಯಾಸ್ಕೆಟ್ ಜೊತೆಗೆ ಹೀಟರನ್ನೂ ಮುಚ್ಚುತ್ತದೆ.

ಬ್ರೇಕು, ಎಸಿ, ಆಯಿಲ್

ಮೋಟರೇ ಬಹುಪಾಲು ಕಾರನ್ನು ನಿಧಾನ ಮಾಡುವುದರಿಂದ ಬ್ರೇಕ್ ಪ್ಯಾಡ್‌ಗಳು ಸವೆಯುವುದೇ ಇಲ್ಲ ಅನ್ನಿಸುತ್ತದೆ. ಆ ಸೋಮಾರಿತನವೇ ಕಾಯಿಲೆ. ಕ್ಯಾಲಿಪರ್‌ನ ಪಿನ್ನುಗಳು ಹಿಡಿದುಕೊಳ್ಳುತ್ತವೆ, ಡಿಸ್ಕಿಗೆ ತುಕ್ಕು ಬರುತ್ತದೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿದರೆ ಮುಗಿಯಿತು. ಆಕ್ಚುಯೇಟರ್ ಹೋಗಿದ್ದರೆ ಅಗ್ಗದ್ದು ಹುಡುಕಬೇಡಿ. ಬದಲಿಸಿದ ಮೇಲೆ ಗಾಳಿ ತೆಗೆಯಲು ಸ್ಕ್ಯಾನ್ ಟೂಲ್ ಬೇಕು, ಪೆಡಲ್ ತುಳಿದು ತೆಗೆಯುವ ಹಳೆ ಪದ್ಧತಿ ನಡೆಯುವುದಿಲ್ಲ.

ಎಸಿಯ ವಿಷಯದಲ್ಲಿ ಒಬ್ಬ ಗೆಳೆಯನಿಗೆ ಆದದ್ದು ಕೇಳಿ. ಗ್ಯಾಸ್ ಕಮ್ಮಿ ಅಂತ ಮಾಮೂಲಿ ಎಸಿ ಅಂಗಡಿಗೆ ಹೋದ. ಅವರು ಎಲ್ಲ ಕಾರಿಗೂ ಹಾಕುವ ಪಿಎಜಿ ಆಯಿಲನ್ನೇ ಹಾಕಿದರು. ಪ್ರಿಯಸ್‌ನ ಕಂಪ್ರೆಸರ್ ಓಡುವುದು ಹೈಬ್ರಿಡ್ ಬ್ಯಾಟರಿಯ ಕರೆಂಟಿನಲ್ಲಿ. ಮೋಟರಿನ ಸುರುಳಿ ಆಯಿಲ್‌ನಲ್ಲೇ ಮುಳುಗಿರುತ್ತದೆ. ಹಾಗಾಗಿ ವಿದ್ಯುತ್ ಹರಿಸದ ಎನ್‌ಡಿ-11 ಆಯಿಲೇ ಬೇಕು. ತಪ್ಪು ಆಯಿಲ್ ಹೋದರೆ ಕರೆಂಟು ಬಾಡಿಗೆ ಸೋರುತ್ತಿದೆ ಅನ್ನುವ ಪಿ0ಎಎ6 ಕೋಡ್ ಬರುತ್ತದೆ. ಅವನಿಗೂ ಬಂತು. ಬ್ಯಾಟರಿ ಹೋಯಿತು ಅಂದುಕೊಂಡು ಎರಡು ವಾರ ಅಲೆದ. ಅಂಗಡಿಗೆ ಹೋದಾಗ ಯಾವ ಆಯಿಲ್ ಹಾಕುತ್ತೀರಿ ಅಂತ ಕೇಳಿ. ತಡವರಿಸಿದರೆ ಕಾರು ಹಿಂದಕ್ಕೆ ತೆಗೆಯಿರಿ.

ಗೇರ್‌ಬಾಕ್ಸ್ ಆಯಿಲನ್ನು ಕಾರಿನ ಆಯಸ್ಸಿಡೀ ಬದಲಿಸಬೇಕಿಲ್ಲ ಅನ್ನುವವರಿದ್ದಾರೆ. ಅದರೊಳಗೆ ಎರಡು ಮೋಟರುಗಳ ಸುರುಳಿಗಳೂ ಇವೆ. 3 ಲಕ್ಷದಲ್ಲಿ ನನ್ನದರಿಂದ ಇಳಿದದ್ದು ಡಿಕಾಕ್ಷನ್ ಬಣ್ಣದ್ದು. ಬದಲಿಸುವುದು ಸುಲಭ, ಬದಲಿಸಿ.

ಎರಡನೇ ತಲೆಮಾರಿನ ಮೀಟರು ಇದ್ದಕ್ಕಿದ್ದ ಹಾಗೆ ಕತ್ತಲಾಗುತ್ತದೆ. ಕೆಲವೊಮ್ಮೆ ಜೊತೆಗೆ ಕಾರು ಆಫ್ ಮಾಡಲೂ ಬರುವುದಿಲ್ಲ. ಗುಜರಿಯ ಮೀಟರ್ ಹಾಕಬಹುದು, ಆದರೆ ಕಿಲೋಮೀಟರ್ ಲೆಕ್ಕ ಕೂತಿರುವುದು ಮೀಟರಿನಲ್ಲೇ. ಬೇರೆ ಕಾರಿನ ಲೆಕ್ಕ ನಿಮ್ಮ ಕಾರಿಗೆ ಬರುತ್ತದೆ, ಮುಂದೆ ಕಾಗದಪತ್ರದ ಕಿರಿಕಿರಿ. ನಿಮ್ಮದನ್ನೇ ಬಿಚ್ಚಿಸಿ ಹಳೆ ಕೆಪಾಸಿಟರ್ ಬದಲಿಸಿ ಬೆಸುಗೆ ಹಾಕಿಸುವುದು ಅಗ್ಗವೂ ಹೌದು, ನಿಯತ್ತೂ ಹೌದು.

ಅಂದ ಚೆಂದ

ಕಾರು ನಿಲ್ಲದೆ ಮೂರು ತಿಂಗಳು ಓಡಿದ ಮೇಲೆ ಇದಕ್ಕೆ ಬನ್ನಿ. ಬ್ಯಾಟರಿ ಇಂದೋ ನಾಳೆಯೋ ಅನ್ನುವ ಕಾರಿಗೆ ದೊಡ್ಡ ಚಕ್ರ ಹಾಕಿಸಿದವರನ್ನು ನೋಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ.

ಚಕ್ರದ ಮಾತೇ ಮೊದಲು. ಮೂರನೇ ತಲೆಮಾರು 15 ಇಂಚು, 17 ಇಂಚು ಎರಡರಲ್ಲೂ ಬಂದಿದೆ. 17 ನೋಡಲು ಚೆಂದ, ತಿರುವಿನಲ್ಲಿ ಗಟ್ಟಿ. ಮೈಲೇಜು ಇಳಿಯುತ್ತದೆ, ಗುಂಡಿಗಳು ನೇರ ಬೆನ್ನಿಗೆ ತಲುಪುತ್ತವೆ. 15 ಇಂಚಿನ ಅಲಾಯ್ ಚಕ್ರದ ಮೇಲೆ ಪ್ಲಾಸ್ಟಿಕ್ ಮುಚ್ಚಳ ಯಾಕಿದೆ ಅಂತ ಯೋಚಿಸಿದ್ದೀರಾ? ಗಾಳಿ ಸರಾಗ ಜಾರಲಿ ಅಂತ. ಗಾಳಿಯ ತಡೆ ಅಳೆಯುವ ಅಂಕಿ ಎರಡನೇ ತಲೆಮಾರಿನದು 0.26, ಮೂರನೆಯದರದು 0.25. ಆ ಕಾಲಕ್ಕೆ ಅದು ತುಂಬಾ ಕಮ್ಮಿ. ಮಾಡಿನ ಮೇಲೆ ಕ್ಯಾರಿಯರ್ ಕೂರಿಸಿದ ದಿನ ಆ ಲಾಭವನ್ನು ನೀವೇ ಹೊರಗೆ ಎಸೆಯುತ್ತೀರಿ. ಮುಚ್ಚಳ ತೆಗೆದರೆ ಒಳಗಿನ ಅಲಾಯ್ ನಿಜಕ್ಕೂ ಚೆನ್ನಾಗಿ ಕಾಣುತ್ತದೆ, ನಾನೂ ತೆಗೆದಿದ್ದೇನೆ. ಎಲ್ಲವೂ ಲೆಕ್ಕಾಚಾರದಂತೇ ಇರಬೇಕಾ?

ಸಸ್ಪೆನ್ಷನ್‌ನಲ್ಲಿ ಕೆಳಗಿಳಿಸುವ ಸ್ಪ್ರಿಂಗಿಗಿಂತ ಹೊಸ ಶಾಕ್ ಅಬ್ಸಾರ್ಬರು, ಬುಷ್ಷುಗಳು ಮೇಲು. 3 ಲಕ್ಷ ಓಡಿದ ಕಾರಿಗೆ ಅವನ್ನು ಹಾಕಿದ ದಿನ ಬೇರೆಯೇ ಕಾರು ಅನ್ನಿಸುತ್ತದೆ. ಮಂಜಾದ ಹೆಡ್‌ಲೈಟ್ ಉಜ್ಜಿಸುವುದಾದರೆ ಮೇಲೆ ಬಿಸಿಲು ತಡೆಯುವ ಲೇಪನ ಹಾಕಿಸಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಜು. ಹ್ಯಾಲೊಜನ್ ದೀಪದ ಬುರುಡೆಯೊಳಗೆ ಎಲ್‌ಇಡಿ ಬಲ್ಬ್ ತುರುಕಿದರೆ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆ ಬೆಳಗುವುದಿಲ್ಲ.

ಒಳಗಿನ ಅಲಂಕಾರದಲ್ಲಿ ಹೈಬ್ರಿಡ್‌ಗೇ ಸೇರಿದ ಒಂದು ಎಚ್ಚರಿಕೆ ಇದೆ. ಹೊಸ ಸೀಟ್ ಕವರ್, ದಪ್ಪ ದಿಂಬು, ಕಂಬಳಿ, ಯಾವುದೂ ಹಿಂದಿನ ಸೀಟಿನ ಪಕ್ಕದ ಆ ಜಾಲರಿಯನ್ನು ಮುಚ್ಚಬಾರದು. ಕವರ್ ಹೊಲಿಯುವವರಿಗೆ ಅದು ಗೊತ್ತಿರುವುದಿಲ್ಲ, ಬಟ್ಟೆ ಎಳೆದು ಹೊಲಿದುಬಿಡುತ್ತಾರೆ. ನೀವೇ ನಿಂತು ಬಿಡಿಸಬೇಕು. ಕಾನೂನು ಒಪ್ಪುವ ಮಟ್ಟಿಗೆ ಬಿಸಿಲು ತಡೆಯುವ ಫಿಲ್ಮ್ ಹಾಕಿದರೆ, ಕಾರಿನೊಳಗೆ ತಂಪಿದ್ದಷ್ಟೂ ಬ್ಯಾಟರಿಗೂ ತಂಪು. ಅಲಂಕಾರಕ್ಕೆ ಹಾಕುವ ದುಡ್ಡಿನಲ್ಲಿ ಬ್ಯಾಟರಿಗೂ ಪಾಲು ಸಿಗುವುದು ಇಲ್ಲಿ ಮಾತ್ರ. ದೊಡ್ಡ ಆಂಪ್ಲಿಫೈಯರ್ ಹಾಕುವವರು 12 ವೋಲ್ಟಿನ ಬ್ಯಾಟರಿ ಎಷ್ಟು ಚಿಕ್ಕದು ಅನ್ನುವುದನ್ನು ನೆನಪಿಡಿ. ಕಾರು ರೆಡಿ ಇಲ್ಲದೆ ಹಾಡು ಕೇಳುತ್ತಾ ಕೂತರೆ ಬೇಗ ಮಲಗುತ್ತದೆ.

ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಅಡ್ಡ ತಟ್ಟೆ ಹಾಕಿಸುವುದು ಅಂದಕ್ಕಲ್ಲ, ಕಳ್ಳರನ್ನು ತಡೆಯಲು. ಹೈಬ್ರಿಡ್‌ನಲ್ಲಿ ಎಂಜಿನ್ ಕಮ್ಮಿ ಓಡುವುದರಿಂದ ಅದರೊಳಗಿನ ಬೆಲೆಬಾಳುವ ಲೋಹ ಕಮ್ಮಿ ಸವೆದಿರುತ್ತದೆ. ಅವರಿಗೂ ಅದು ಗೊತ್ತು.

ಮನೆಯಲ್ಲಿ ಚಾರ್ಜ್ ಮಾಡುವ ಹಾಗೆ ಪರಿವರ್ತಿಸುವ ಆಸೆ ಹಲವರಿಗಿದೆ. 2004ರಲ್ಲಿ ಅಮೆರಿಕದ ಕ್ಯಾಲ್‌ಕಾರ್ಸ್ ಗುಂಪು ಪ್ರಿಯಸ್‌ಗೆ ಸೀಸದ ಬ್ಯಾಟರಿಗಳನ್ನು ಸೇರಿಸಿ ಇದನ್ನು ಮಾಡಿ ತೋರಿಸಿತು. ಆಗ ಅದಕ್ಕೆ ಅರ್ಥ ಇತ್ತು, ಅಂಥ ಕಾರು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2012ರಿಂದ ಟೊಯೋಟಾದವರೇ ಪ್ಲಗ್-ಇನ್ ಪ್ರಿಯಸ್ ಮಾರಿದ್ದಾರೆ. ಈಗ ಅದು ಬೇಕಿದ್ದವರು ಹಳೆ ಪ್ಲಗ್-ಇನ್ ಕಾರನ್ನೇ ಕೊಳ್ಳಿ. ಡಿಕ್ಕಿ ತುಂಬಾ ಬ್ಯಾಟರಿ ಹೊತ್ತ ಸವೆದ ಕಾರಿಗೆ ಸ್ಪ್ರಿಂಗು, ಬ್ರೇಕು, ವಿಮೆ ಎಲ್ಲವೂ ತಕರಾರು ತೆಗೆಯುತ್ತವೆ.

ಕಳಚಿದ ಹಳೆ ಪ್ಯಾಕ್ ಗುಜರಿಗೆ ತೂಕಕ್ಕೆ ಹಾಕಬೇಡಿ. ಹೊಸದು ಮಾರುವವರು ಹಳೆಯದನ್ನು ವಾಪಸ್ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುವುದುಂಟು. ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳಿ, ಪೆಟ್ಟಿಗೆ, ತಾಮ್ರದ ಪಟ್ಟಿ, ಸೆನ್ಸರ್ ಎಲ್ಲ ಇರಬೇಕಾ ಅನ್ನುವುದನ್ನೂ ಕೇಳಿ. ನಾನು ಕೇಳಿರಲಿಲ್ಲ. ಎರಡು ಮಾಡ್ಯೂಲ್ ಬಿಡಿಯಾಗಿ ತೆಗೆದಿಟ್ಟುಕೊಂಡಿದ್ದೆ. 28ರ ಜಾಗದಲ್ಲಿ 26 ಕೊಟ್ಟದ್ದಕ್ಕೆ ಪೂರ್ತಿ ಮುರಿವೇ ಹೋಯಿತು. ಆ ಎರಡು ಈಗಲೂ ಕಪಾಟಿನ ಮೇಲೆ ಇವೆ, ತುದಿಗಳಿಗೆ ಟೇಪು ಸುತ್ತಿಕೊಂಡು.